ಮೀರಾಸಾಬರ ಕೈರುಚಿ

ಊರು ಬಿಟ್ಟು ಬಂದು ವಾಸ್ಕೋ ಬಂದರಿನಲ್ಲಿ ಕೂಲಿ ಮಾಡುವ ಪರಶುವಿಗೆ ಆ ಕೆಲಸ ಕೊಡಿಸಿದವರು ಮೀರಾಸಾಬರು. ಆಗ ಅವರು ಅವನ ಮುಕಾದಮರು, ಕೂಲಿಗಳ ಮೇಲ್ವಿಚಾರಕರು. ಈಗ ಕೆಲಸ ಬಿಟ್ಟು ಮಂಗೋರ್ ಹಿಲ್‌ನ ಮೆಟ್ಟಿಲುಗಳ ಮೇಲ್ತುದಿಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡ ಮೇಲೆ ತಾವೇ ಒಲೆ ಹಚ್ಚತೊಡಗಿದರು. ಪ್ರತಿ ಭಾನುವಾರ ಪರಶುವನ್ನು ಊಟಕ್ಕೆ ಕರೆಯತೊಡಗಿದರು.

ಅಡುಗೆಯೋ, ದೇವರಿಗೇ ಪ್ರೀತಿ. ಬಂಗಡೆ ಸಾರಿನಲ್ಲಿ ಅರಿಸಿನದ ಹಸಿ ವಾಸನೆ. ರೊಟ್ಟಿಯ ಅಂಚು ಕಪ್ಪು, ನಡುವೆ ಹಸಿ ಹಿಟ್ಟು. "ಹೆಂಗೈತೋ?" ಎಂದು ಅವರು ಮುಖ ನೋಡಿದರೆ, "ಭಾಳ ಚಲೋ ಆಗೇತ್ರಿ ಕಾಕಾ" ಎಂದು ನೀರು ಕುಡಿದು ನುಂಗುತ್ತಿದ್ದ. ಹೆಂಡತಿಯನ್ನು ಕಳೆದುಕೊಂಡವರ ಮನೆಯಲ್ಲಿ ಉಪ್ಪು ಖಾರದ ಮಾತು ಎತ್ತುವುದುಂಟೆ?

ಒಂದು ಭಾನುವಾರ ಮೀರಾಸಾಬರು ಹೇಳಿದರು: "ಮೆಟ್ಟಲ ಬುಡಕ್ಕ ಒಂದು ಖೋಲಿ ಹಿಡದೇನಿ. ಖಾನಾವಳಿ ಚಾಲೂ ಮಾಡಾಕತ್ತೇನಿ. ನಮ್ಮ ಕಡೆ ಹುಡುಗ್ರು ವಡಾಪಾವ್ ತಿಂದು ಸೊರಗಾಕತ್ತಾರ. ನೀ ಹೊಗಳಿದ್ದಕ್ಕ ಧೈರ್ಯ ಬಂತು ನೋಡು."

ಆ ವಾರ ಪರಶುವಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹಡಗಿನ ಚೀಲ ಹೊರುವಾಗ ದಾರಿ ತಪ್ಪಿ ಬೈಸಿಕೊಂಡ. ಹೇಳಿದರೆ ಮುದುಕರ ಮನಸ್ಸು ಮುರಿಯುತ್ತದೆ; ಹೇಳದಿದ್ದರೆ ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ. ಬುಧವಾರ ಅರ್ಧ ಮೆಟ್ಟಿಲು ಹತ್ತಿ ಇಳಿದ. ಮರುದಿನ ಬಾಗಿಲವರೆಗೂ ಹೋದ. ಒಳಗೆ ಅವರು ಖಾನಾವಳಿಗೆಂದು ತಂದ ಅಡುಗೆಯ ಹೊಸ ಪಾತೇಲಿ ತಿಕ್ಕುತ್ತಿದ್ದ ಸದ್ದು ಕೇಳಿ ವಾಪಸಾದ.

ಶನಿವಾರ ಸಂಜೆ ಹೊಸ್ತಿಲಲ್ಲೇ ನಿಂತು ಹೇಳಿಬಿಟ್ಟ: "ಕಾಕಾ, ನಿಮ್ಮ ಅಡಿಗಿ ಚಲೋ ಇರೂದಿಲ್ರಿ. ನಾ ಸುಳ್ಳ ಹೇಳತಿದ್ದೆ."

"ಯಾವಾಗಿಂದ?"

"ಮೊದಲಿಂದ್ಲೂರಿ."

"ಮತ್ತ ಎಲ್ಲಾ ತಿಂತಿದ್ದೆಲ್ಲೋ."

"ನೀವು ನೋಡಕೋತ ಕುಂತಿರತಿದ್ರಿ."

ಮೀರಾಸಾಬರು ಪಾತೇಲಿ ಬೋರಲು ಹಾಕಿ, "ಹೋಗು" ಎಂದರು.

ಖಾನಾವಳಿ ನಿಲ್ಲಲಿಲ್ಲ. ಕೆಳಗಿನ ಗಲ್ಲಿಯ ಚಂದವ್ವನನ್ನು ಅಡುಗೆಗಿಟ್ಟು, ತಾವು ಬಾಗಿಲಲ್ಲಿ ಕೂತು ಬಂದವರನ್ನು ಮಾತಾಡಿಸತೊಡಗಿದರು. ಮಧ್ಯಾಹ್ನ ಜಾಗ ಸಿಗದಷ್ಟು ಜನ. ಪರಶುವೂ ಹೋದ. ಮೀರಾಸಾಬರು ಎಲ್ಲರಿಗೂ ಅಂದಂತೆ ಅವನಿಗೂ "ಬರ್ರಿ, ಕೂಡ್ರಿ" ಅಂದರು. ಪುಂಡಿಪಲ್ಯ ರುಚಿಯಾಗಿತ್ತು; ಆದರೆ ಆ 'ರ್ರಿ' ಕೇಳಿದ ಮೇಲೆ ಅರ್ಧಕ್ಕೇ ಎದ್ದು ಕೈ ತೊಳೆದ.

ಭಾನುವಾರದ ಕರೆ ಬರಲಿಲ್ಲ. ಕಾದು ಕಾದು ಒಂದು ಭಾನುವಾರ ಅವನೇ ಮೇಲೆ ಹೋದ. ಖಾನಾವಳಿಗೆ ರಜೆ, ಮನೆಯ ಒಲೆ ತಣ್ಣಗಿತ್ತು. ಮೀರಾಸಾಬರು ಚಹಾದಲ್ಲಿ ಪಾವ್ ಅದ್ದಿ ತಿನ್ನುತ್ತಿದ್ದರು. ಪರಶು ಹೇಳಿಸಿಕೊಳ್ಳದೆಯೇ ಕುಳಿತ. ಆಮೇಲೆ ಅವರು ಒಂದು ಪಾವ್ ಮುರಿದು ಅರ್ಧವನ್ನು ಅವನತ್ತ ಸರಿಸಿದರು.

"ಬೇಕರಿಯಾಂವಂದು ಇದು. ಇದಕ್ಕ ಹೆಸರಿಡಾಕ ಬರೂದಿಲ್ಲ ನಿನಗ."

ಪರಶು ಅದನ್ನು ಹಿಡಿದು ಕೂತ. ತಿನ್ನಬೇಕೋ, ಮೊದಲು ಏನಾದರೂ ಹೇಳಬೇಕೋ ಅವನಿಗೆ ತಿಳಿಯಲಿಲ್ಲ.