ಬೆಟ್ಟಕ್ಕೆ ಒಯ್ದ ಹರಳೆಣ್ಣೆ

ಚಿನ್ಮಯಿ, ತೇಜು, ನನ್ನ ಹುಟ್ಟುಹಬ್ಬಕ್ಕೆ ನಿಮ್ಮಮ್ಮ ಬೆಟ್ಟದ ಮೇಲಿನ ಈ ದುಬಾರಿ ರೆಸಾರ್ಟಿಗೆ ಕರೆತಂದಿದ್ದಾಳೆ. ಎಣ್ಣೆಸ್ನಾನ ಮಾಡಿಸುತ್ತಾರೆ ಎಂದಿದ್ದಕ್ಕೆ ನಾನು ಹಲಸೂರಿನ ಮನೆಯಿಂದಲೇ ಹರಳೆಣ್ಣೆಯ ಸೀಸೆ ತಂದಿದ್ದೆ. ಇಲ್ಲಿ ಎಣ್ಣೆ ಹಚ್ಚುವ ಹುಡುಗಿ ಸೀರೆ ಬಿಚ್ಚಲು ಹೇಳಿದಾಗ ನಾಚಿಕೆಯಾಗಿ ಬಾಗಿಲ ಕಡೆ ತಿರುಗಿದೆ.

“ಎಲ್ಲಿಗಜ್ಜಿ? ಸೀರೆ ಇರ್ಲಿ, ತಲೆಗೆ ಮಾತ್ರ ಹಚ್ತೀನಿ. ಅಯ್ಯೋ, ಹರಳೆಣ್ಣೆ ತಂದಿದ್ದೀರಾ? ಕೆ.ಆರ್. ಪುರದಲ್ಲಿ ನಮ್ಮಮ್ಮನೂ ಬಿಡಲ್ಲ ಇದನ್ನ,” ಎಂದು ನಕ್ಕಳು.

ಅದನ್ನೇ ನನ್ನ ನೆತ್ತಿಗೆ ಮೂರು ಸಲ ತಟ್ಟಿದಳು. “ಹರಸೋಕೆ ನಾನು ಚಿಕ್ಕೋಳು. ಆದ್ರೂ ಎಣ್ಣೆ ಇಟ್ಟೋರು ಸುಮ್ನಿರಬಾರ್ದಂತೆ. ನೂರ್ಕಾಲ ಬಾಳಿ.”

ನಿಮ್ಮ ತಾತ ಹೋದ ಮೇಲೆ ನನಗೆ ಯಾರೂ ಹಾಗೆ ಎಣ್ಣೆ ಇಟ್ಟಿರಲಿಲ್ಲ. ಈ ಹಾಳೆಗೂ ಎಣ್ಣೆ ಹತ್ತಿದೆ. ಕಲೆಯೆಂದು ಎಸೆಯಬೇಡಿ ಮಕ್ಕಳೇ, ಜೋಪಾನವಾಗಿ ಇಟ್ಟುಕೊಳ್ಳಿ.