ಒಲೆಯ ಮೇಲಿನ ಕಡ್ಡಿ ಡಬ್ಬ

ಈ ಮಧ್ಯಾಹ್ನ ಟೀ ಸೋಸುತ್ತಿದ್ದಾಗ ಶೆಡ್ಡಿನ ಕಡೆಯಿಂದ ಟಿಣ್ ಎಂಬ ಸದ್ದು ಬಂತು. ನನಗೆ ತಿಳಿಯುವ ಮೊದಲೇ ಕೈ ಇನ್ನೊಂದು ಲೋಟ ತುಂಬಿಸಿಬಿಟ್ಟಿತ್ತು. ಮಕ್ಕಳೇ, ಶೆಡ್ಡಿನಲ್ಲಿ ಆಗ ಯಾರೂ ಇರಲಿಲ್ಲ. ನಿಮ್ಮಪ್ಪ ಜಗುಲಿಯಲ್ಲಿ ಕೂತಿದ್ದ.

ಮಾದಿಹಳ್ಳಿಯ ಈ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು ನಿಮ್ಮ ತಾತ. ನನ್ನನ್ನು ಹೆಸರು ಹಿಡಿದು ಕರೆಯಲು ಅವರಿಗೆ ನಾಚಿಕೆ, ಓಗೊಡಲು ನನಗೆ ಇನ್ನೂ ನಾಚಿಕೆ. ಹಾಗಾಗಿ ಟೀ ಬೇಕಾದಾಗ ಎರಡು ವೆಲ್ಡಿಂಗ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸುತ್ತಿದ್ದರು. ಕಡ್ಡಿಯ ಗುಣ ನೋಡುವುದೂ ಆ ಸದ್ದಿನಿಂದಲೇ. ಒಣಗಿದ್ದು ಟಿಣ್ ಎನ್ನುತ್ತದೆ, ತೇವ ಹಿಡಿದದ್ದು ಮಂಕಾಗಿ ಸದ್ದು ಮಾಡುತ್ತದೆ.

"ಗೇಟು, ಕಿಟಕಿಗೆ ಯಾವ್ ಕಡ್ಡಿ ಆದ್ರೂ ನಡೀತದೆ ಕಣ್ಲಾ," ಎಂದು ನಿಮ್ಮಪ್ಪನಿಗೆ ಹೇಳುತ್ತಿದ್ದರು. "ಜೆಸಿಬಿ ತೋಳಿಗೆ ಈ ಡಬ್ಬದ್ದೇ ಆಗ್ಬೇಕು, ಅದೂ ಒಣಗಿರ್ಬೇಕು. ತೇವ ಇದ್ರೆ ಬೆಸುಗೆ ಮೇಲೆ ನಗ್ತಾ ಇರ್ತದೆ, ಒಳಗೆ ಸೀಳ್ತದೆ."

ಶಾಖಕ್ಕೆ ಒಣಗಿರಲೆಂದು ಆ ಡಬ್ಬ ಇರುತ್ತಿದ್ದದ್ದು ನನ್ನ ಒಲೆಯ ಮೇಲಿನ ಹಲಗೆಯಲ್ಲಿ, ಹುಣಸೆಹಣ್ಣಿನ ಪಕ್ಕ. ಬಂದ ನೆಂಟರು ಶಾವಿಗೆ ಇರಬೇಕು ಎಂದುಕೊಳ್ಳುತ್ತಿದ್ದರು.

ನಿಮ್ಮ ತಾತ ತೀರಿಕೊಂಡಾಗ ಸೂತಕ ಕಳೆಯುವವರೆಗೆ ಒಲೆ ಹೊತ್ತಿಸಲಿಲ್ಲ. ಊಟ ಅಕ್ಕಪಕ್ಕದ ಮನೆಗಳಿಂದ ಬರುತ್ತಿತ್ತು. ಹೊರಗೆ ಜಡಿಮಳೆ. ಡಬ್ಬದ ನೆನಪು ಯಾರಿಗೂ ಆಗಲಿಲ್ಲ. ಸೂತಕ ಕಳೆದ ಮರುದಿನವೇ ಬಸ್ತಿಹಳ್ಳಿ ಹತ್ತಿರ ಪೈಪು ಹೂಳುತ್ತಿದ್ದ ಜೆಸಿಬಿಯೊಂದು ತೋಳು ಬಿರುಕು ಬಿಟ್ಟು ಬಂತು. ಒಲೆಯ ಮೇಲಿನದು ಒಣಗಿಯೇ ಇರುತ್ತದೆಂದು ನಂಬಿ ನಿಮ್ಮಪ್ಪ ಅದೇ ಕಡ್ಡಿಗಳಿಂದ ಬೆಸುಗೆ ಹಾಕಿದ. ನೋಡಲು ಜಡೆ ಹೆಣೆದಷ್ಟು ಚೆನ್ನಾಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಟಿಣ್. ಅವರಿಲ್ಲವೆಂಬುದನ್ನೇ ಮರೆತು ಟೀ ಹಿಡಿದು ಹೋದೆ. ಶೆಡ್ಡಿನಲ್ಲಿ ತೋಳೆತ್ತಿ ನಿಂತ ಯಂತ್ರವೊಂದೇ. ಮತ್ತೆ ಟಿಣ್, ಈ ಸಲ ನನ್ನ ತಲೆಯ ಮೇಲೆಯೇ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತ್ತು.

ನಿಮ್ಮಪ್ಪ ನೋಡಿ ಬಿಳಿಚಿಕೊಂಡ. "ಬೆಳಿಗ್ಗೆ ಇದರ ಕೆಳಗೆ ಜನ ನಿಂತ್ಕೊಂಡು ಪೈಪು ಇಳಿಸ್ತಾರೆ ಕಣವ್ವ."

ಅವನು ಬೆಸುಗೆಯನ್ನೆಲ್ಲ ಕೊರೆದು ತೆಗೆದ. ನಾನು ಒಲೆ ಹೊತ್ತಿಸಿ ಕಡ್ಡಿಗಳನ್ನು ಕೆಂಡದ ಪಕ್ಕ ಒಣಗಲಿಟ್ಟೆ. ಎರಡನೆಯ ಸದ್ದು ಬಿರಿದ ಕಬ್ಬಿಣದ್ದು, ಸರಿ. ಮೊದಲನೆಯದು ಅಷ್ಟು ದೊಡ್ಡ ಅಂಗಳ ದಾಟಿ ಅಡುಗೆಮನೆಗೆ ಹೇಗೆ ಬಂತೋ, ಈಗಲೂ ತಿಳಿಯದು.

ಈಗ ಕಡ್ಡಿ ಒಣಗಿಸಲು ಕರೆಂಟಿನ ಪೆಟ್ಟಿಗೆ ಇದೆ. ಒಲೆಯ ಮೇಲೆ ಖಾಲಿ ಡಬ್ಬ ಮಾತ್ರ.

"ಇನ್ನೊಂದು ಲೋಟ ಯಾರಿಗವ್ವ?" ಎಂದ ನಿಮ್ಮಪ್ಪ, ಈ ಮಧ್ಯಾಹ್ನ ಟೀ ಕೊಟ್ಟಾಗ.

"ಅವರು ಕರೆದ್ರು ಕಣೋ. ಮೊನ್ನೆಯೆಲ್ಲ ಕರೆಂಟಿರ್ಲಿಲ್ಲ, ಕಡ್ಡಿ ಪೆಟ್ಟಿಗೆ ತಣ್ಣಗಿತ್ತು. ನಿನ್ನೆ ನೀನು ತೋಳು ಬೆಸೆದ ಮಷೀನು ಗೆಂಡೆಹಳ್ಳಿಗೆ ಹೋಗೈತೆ. ಫೋನ್ ಮಾಡಿ ನಿಲ್ಸು ಅನ್ನು."

ಅವನು ತಕ್ಷಣ ಫೋನು ಹಚ್ಚಿದ. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಡ್ರೈವರ್ ಎತ್ತಿ, ಇವನ ಮಾತು ಕೇಳಿ, "ತೋಳು ಇಳಿಸ್ದೆ ಅಣ್ಣ, ಯಾರೂ ಹತ್ರ ಇಲ್ಲ," ಎಂದ.

ಆಮೇಲೆ ನಾನೊಬ್ಬಳೇ ಶೆಡ್ಡಿಗೆ ಹೋಗಿ ಲೋಟವನ್ನು ಅವರ ಬೆಂಚಿನ ಮೇಲಿಟ್ಟೆ.