ಹಸಿರು ಕಾಣದ ಕಿಲುಬು

ಓಬೇದುಲ್ಲಾನ ಹೆಸರು ನಾನು ಮೊದಲು ಕೇಳಿದ್ದು, ನಾನು ಮಾಡಿದ ಸಾರು ಉಂಡು ಮನೆಮಂದಿಗೆಲ್ಲ ವಾಂತಿಯಾದ ದಿನ. ಮದುವೆಯಾಗಿ ವಕ್ಕಲೇರಿಗೆ ಬಂದು ಎರಡು ತಿಂಗಳಾಗಿತ್ತು. ಹುಣಸೆಹುಳಿ ಹಿಂಡಿದ ಸಾರನ್ನು ಬೆಳಗಿನಿಂದ ಸಂಜೆಯವರೆಗೆ ಹಿತ್ತಾಳೆ ಪಾತ್ರೆಯಲ್ಲೇ ಬಿಟ್ಟಿದ್ದೆ. ನಮ್ಮತ್ತೆ ಪಾತ್ರೆಯ ತಳಕ್ಕೆ ಬೆರಳು ಉಜ್ಜಿ, ಅಂಟಿದ ಹಸಿರನ್ನು ನನ್ನ ಮೂಗಿನ ಹತ್ತಿರ ಹಿಡಿದರು.

“ಕಿಲುಬು. ಕಲಾಯಿ ಹೋಗಿರೋದು ಕಾಣ್ಲಿಲ್ವೇನೇ? ಮುಳಬಾಗಿಲಿಂದ ಓಬೇದುಲ್ಲಾ ಅಂತ ಒಬ್ಬ ಬಂದವ್ನಂತೆ, ಹೋಗಿ ಕರ್ಕೊಂಡ್ ಬಾ.”

ಬಂದ. ಹೊಂಗೆ ಮರದ ಕೆಳಗೆ ಕುಲುಮೆ ಹೂಡಿ, ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಒಳಗೆಲ್ಲ ತವರ ಸವರಿದ. ನನ್ನ ಅಳುಮುಖ ನೋಡಿ ಹೇಳಿದ: “ಹಿತ್ತಾಳೆ ಕೆಟ್ಟದ್ದಲ್ಲಕ್ಕ, ಹುಳೀನೂ ಕೆಟ್ಟದ್ದಲ್ಲ. ಎರಡೂ ಸೇರಬಾರ್ದು. ಹುಳಿ ಹೋಗಿ ಲೋಹಾನ ಸಾರಿಗೆ ಕರ್ಕೊಂಡ್ ಬಂದ್ಬಿಡುತ್ತೆ. ಮಧ್ಯ ನಾನೊಂದು ಪರದೆ ಕಟ್ತೀನಿ, ಅಷ್ಟೇ.”

“ಪರದೆ ವಿಷಯ ನಿನಗೆ ಚೆನ್ನಾಗಿ ಗೊತ್ತಿರ್ಬೇಕಲ್ಲಪ್ಪ,” ಎಂದರು ನಮ್ಮತ್ತೆ.

“ನಮ್ಮ ಮನೇಲಿ ಪರದೆ ಹಿಂದೆ ಇರೋನು ನಾನೇ ಅಮ್ಮ,” ಎಂದ.

ಆಮೇಲೆ ಅವನು ನಮ್ಮ ಗೋಡೆಯಾಚೆಯ ಮನೆಗೇ ಬಂದು ನೆಲೆಸಿದ. ನಲವತ್ತು ವರ್ಷ ನೆರೆಯವನಾಗಿದ್ದ. ನಮ್ಮತ್ತೆ ಹೋದರು, ನಮ್ಮನೆಯವರೂ ಹೋದರು. ಎರಡು ಸಲವೂ ಚಟ್ಟದ ಗಳು ಹೊತ್ತವನು ಅವನೇ. ಸ್ಟೀಲ್ ಪಾತ್ರೆ ಬಂದು ಕಲಾಯಿ ಕೇಳುವವರು ಇಲ್ಲವಾದರು. ಕೊನೆಗೆ ನರಸಾಪುರದ ಆಚೆಯ ಒಂದು ಸಣ್ಣ ಕಾರ್ಖಾನೆಯಿಂದ ಕೆಲಸ ಮನೆಗೇ ತಂದುಕೊಂಡ. ಉಗುರಿನಷ್ಟು ತೆಳು ಕ್ಲಿಪ್ಪುಗಳು, ಬಗ್ಗಿಸಿದರೆ ಚಿಮ್ಮಿ ನೆಟ್ಟಗಾಗುವಂಥವು. ನೋಡಲು ತಾಮ್ರವೇ. ಕಾರ್ಖಾನೆಯ ಕುಲುಮೆಯಲ್ಲಿ ಕಪ್ಪಾಗಿ ಬಂದವನ್ನು ಸಾಣೆಚಕ್ರಕ್ಕೆ ಹಿಡಿದು ಅಂಚು ಉಜ್ಜುವುದು, ಆಮೇಲೆ ಹುಣಸೆ ನೀರಿನಲ್ಲಿ ನೆನೆಸಿ ಬೆಳಗುವುದು. ಹುಣಸೆಹಣ್ಣು ನಾನೇ ಕೊಡುತ್ತಿದ್ದೆ. “ಮಿಷನ್ನಿಗೆ ಬರಲ್ಲಕ್ಕ ಈ ಹೊಳಪು,” ಎನ್ನುತ್ತಿದ್ದ.

ನನ್ನ ಹಸು ಕೆಂಪಿಯ ಕಲಗಚ್ಚಿನ ಬಾನಿ ಇರುವುದು ಆ ಗೋಡೆಯ ಪಕ್ಕದಲ್ಲೇ. ಅಕ್ಕಿ ತೊಳೆದ ನೀರು, ಹುಳಿ ಹಿಂಡಿದ ನೀರು, ಯಾರ ಮನೆಯದಾದರೂ ಅದಕ್ಕೆ ಬೀಳುತ್ತದೆ. ಹಸು ಇದ್ದ ಮನೆಗೆ ಕಲಗಚ್ಚು ಕೊಡದೆ ಚರಂಡಿಗೆ ಚೆಲ್ಲಿದರೆ ಮನಸ್ಸು ಒಪ್ಪುವುದಿಲ್ಲ. ಓಬೇದಣ್ಣನೂ ಕ್ಲಿಪ್ಪು ತೊಳೆದ ಹುಳಿನೀರನ್ನು ಇಡೀ ದಿನ ನಿಲ್ಲಿಸುತ್ತಿದ್ದ. ಕಪ್ಪು ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಬಗ್ಗಿಸಿ ಬಾನಿಗೆ ಹಾಕುತ್ತಿದ್ದ. ಕೆಂಪಿ ಹುಳಿ ಅಂದರೆ ಬಿಡುವುದಿಲ್ಲ.

ಒಂದು ಭಾನುವಾರ ಅವನ ಮೊಮ್ಮಗಳು ನಾಹಿದ್ ಕೋಲಾರದ ಹಾಸ್ಟೆಲಿನಿಂದ ಬಂದಳು. ಬಿ.ಎಸ್ಸಿ. ಓದುವ ಹುಡುಗಿ. ಕ್ಲಿಪ್ಪಿನ ಚೀಲದೊಳಗಿದ್ದ ಚೀಟಿ ಓದಿ, ಅದನ್ನು ಹಿಡಿದುಕೊಂಡೇ ತಾತನ ಹತ್ತಿರ ಬಂದಳು.

“ದಾದಾ, ಇದು ಬರೀ ತಾಮ್ರ ಅಲ್ಲ. ಬೆರಿಲಿಯಂ ಅನ್ನೋ ವಿಷದ ಲೋಹ ಸೇರೈತೆ. ಈ ನೀರು ಎಲ್ಲಿ ಚೆಲ್ತೀಯ?”

“ಚೆಲ್ಲೋದ್ಯಾಕೆ? ಗಸಿ ಗುಂಡಿಗೆ, ತಿಳಿ ಕೆಂಪಿಗೆ.”

ಅವಳು ಓಡಿಬಂದು ಬಾನಿಯ ಮೇಲೆ ಮೊರ ಮುಚ್ಚಿದಳು. ಕೆಂಪಿ ಆಗಲೇ ಅರ್ಧ ಕುಡಿದು ಮೂತಿ ನೆಕ್ಕಿಕೊಳ್ಳುತ್ತಿತ್ತು.

“ಅಜ್ಜಿ, ತಾಮ್ರ ಹುಳೀಲಿ ಇಳಿದ್ರೆ ಹಸಿರು ತೋರ್ಸುತ್ತೆ. ಈ ಬೆರಿಲಿಯಂಗೆ ಬಣ್ಣಾನೇ ಇಲ್ಲ. ಬರೀ ನೀರಾದ್ರೆ ಹೆಚ್ಚು ಕರಗಲ್ಲ, ತಳಕ್ಕೆ ಕೂರುತ್ತೆ. ಹುಳಿ ಸಿಕ್ರೆ ಹುಳಿ ಅದನ್ನ ಎರಡು ಕಡೆಯಿಂದ ಹಿಡ್ಕೊಳುತ್ತೆ, ದಾದಾನ ಇಕ್ಕಳದ ತರ. ಹಿಡ್ಕೊಂಡು ನೀರಲ್ಲೇ ಓಡಾಡುತ್ತೆ. ಎಷ್ಟು ಹೊತ್ತು ನಿಲ್ಸಿದ್ರೂ ಗಸಿಗೆ ಬರಲ್ಲ, ತಿಳೀಲೇ ಇರುತ್ತೆ.”

ಓಬೇದಣ್ಣ ಅಲ್ಲೇ ಕುಕ್ಕರಿಸಿದ. “ಹುಳಿ ಲೋಹಾನ ಕರ್ಕೊಂಡ್ ಬರುತ್ತೆ ಅಂತ ಊರಿಗೆಲ್ಲ ಹೇಳ್ದೋನು ನಾನು. ಹಸಿರು ಕಾಣ್ಲಿಲ್ಲ ಅಂತ ಮರ್ತುಬಿಟ್ನಲ್ಲಕ್ಕ.”

ಆ ಬೆಳಿಗ್ಗೆಯ ಹಾಲು ಡೈರಿಗೆ ಹಾಕಿ ಬಂದಿದ್ದೆ. ಆ ಹಾಲು ಯಾರ ಮನೆಯ ಕೂಸಿಗೆ ಹೋಯಿತೋ! ಡೈರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಂದಿನಿಂದ ಕರೆದ ಹಾಲನ್ನೆಲ್ಲ ಗುಂಡಿಗೆ ಸುರಿದೆ. ಪಶುವೈದ್ಯರು ಬಂದು ಕೆಂಪಿಯ ಹೊಟ್ಟೆ ಮುಟ್ಟಿ ನೋಡಿ, ಈ ಹೆಸರಿನ ವಿಷ ತಾವು ಕಂಡಿಲ್ಲ ಎಂದರು. ದಿನಾ ಬೆಳಗಾದರೆ ಓಬೇದಣ್ಣ ಗೋಡೆಯಾಚೆಯಿಂದ ಕೆಮ್ಮುತ್ತಾ ಕೇಳುವನು: “ಮೇವು ತಿಂತಾ? ಮೆಲುಕು ಹಾಕ್ತಾ?” ನನ್ನ ಕಿವಿಗೆ ಆ ಪ್ರಶ್ನೆ ಬೀಳುತ್ತಿತ್ತೇ ಹೊರತು ಆ ಕೆಮ್ಮು ಬೀಳಲಿಲ್ಲ.

ಹನ್ನೆರಡನೆಯ ದಿನ ನಾಹಿದ್ ತನ್ನ ಮೇಷ್ಟರ ಮಾತು ತಂದಳು. ಅವರು ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಿದ್ದ ಕೆಂಪಿಯ ಹಾಲಿನಲ್ಲಿ ಏನೂ ಸಿಗಲಿಲ್ಲವಂತೆ. ಹೊಟ್ಟೆಗೆ ಹೋದದ್ದು ಮೈಗೆ ಹಿಡಿಯುವುದು ತೀರ ಕಡಿಮೆಯಂತೆ. ನಾನು ಕೆಂಪಿಯ ಕುತ್ತಿಗೆ ತಬ್ಬಿಕೊಂಡೆ. ನಾಹಿದ್ ನಗಲಿಲ್ಲ.

“ಉಸಿರಲ್ಲಿ ಹೋಗೋ ಪುಡೀನೇ ಅಪಾಯ ಅಂದ್ರು. ಚಕ್ರದ ಮುಂದೆ ಎಷ್ಟು ದಿನ ಕೂತಿದ್ದೆ ದಾದಾ?”

“ಎರಡು ವರ್ಷ ಆಗಿರ್ಬೇಕು,” ಎಂದು ಅವನು ಟವೆಲ್ಲಿಗೆ ಕೆಮ್ಮಿದ. “ಹಸು ಚೆನ್ನಾಗೈತಲ್ಲ, ಬಿಡು.”

ಆ ಪುಡಿಯಿಂದ ಅವನ ಶ್ವಾಸಕೋಶದಲ್ಲಿ ಗಂಟು ಕಟ್ಟಿದೆ ಎಂದರು ಡಾಕ್ಟರು. ಬಾನಿಯಲ್ಲಿ ಉಳಿದ ನೀರನ್ನು ನಾಹಿದ್ ಒಂದು ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದಿದ್ದಳು. ಕಾರ್ಖಾನೆಯವರು ನಮ್ಮದಲ್ಲ ಎಂದರು. ಮಾಲಿನ್ಯ ನಿಯಂತ್ರಣ ಆಫೀಸಿನವರು ಬಂದು ಒಯ್ಯುತ್ತೇವೆ ಎಂದವರು ಇನ್ನೂ ಬಂದಿಲ್ಲ. ಕ್ಯಾನು ನನ್ನ ಕೊಟ್ಟಿಗೆಯ ಮೂಲೆಯಲ್ಲಿದೆ. ಗಸಿಯೆಲ್ಲ ತಳಕ್ಕೆ ಕೂತು, ಮೇಲಿನದನ್ನು ನೋಡಿದರೆ ಕುಡಿಯುವ ನೀರೇ ಅನ್ನಬೇಕು, ಅಷ್ಟು ತಿಳಿ. ದಿನಕ್ಕೆ ಹತ್ತು ಸಲ ಹೋಗಿ ಮುಚ್ಚಳ ಮುಟ್ಟಿ ಬರುತ್ತೇನೆ.

ಅವನನ್ನು ಆಸ್ಪತ್ರೆಗೆ ಒಯ್ದ ಕಾರು ಮತ್ತೆ ಅವನನ್ನು ಕರೆತರಲಿಲ್ಲ. ಹೊರಡುವಾಗ ಕಿಟಕಿಯ ಗಾಜು ಇಳಿಸಿ, ಒಂದೊಂದು ಮಾತಿಗೂ ನಿಂತು ಉಸಿರೆಳೆದು ಹೇಳಿದ:

“ಅಕ್ಕಾ, ಆ ಕ್ಯಾನಿನ ಮೇಲೆ ಒಂದು ಕಣ್ಣಿರ್ಲಿ. ತಿಳಿಯಾಗೈತೆ ಅಂತ ಯಾರಾದ್ರೂ ಬಗ್ಗಿಸಕ್ಕೆ ಬಂದ್ರೆ, ನನ್ನ ಹೆಸರು ಹೇಳಿ ಬೇಡ ಅನ್ನಿ.”